ಚರಂಡಿಯ ಮೀಥೇನ್ ಉಣ್ಣುವ ಜೀವಿಗಳು

ಹಾಲೆಂಡಿನ ಡೆಲ್ಫ್ಟ್‌ನಲ್ಲಿ 1906ರ ಸುಮಾರಿಗೆ ನಿಕೋಲಾಸ್ ಸೋಂಗೆನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಒಂದು ಪ್ರಶ್ನೆಯ ಬೆನ್ನು ಹತ್ತಿದರು. ಕೆರೆಯ ಕೆಸರಿನಿಂದ, ಜೌಗುನೆಲದಿಂದ ಮೀಥೇನ್ ಎಡೆಬಿಡದೆ ಏಳುತ್ತದೆ. ಆದರೂ ಗಾಳಿಯಲ್ಲಿ ಅದು ಅತ್ಯಲ್ಪ. ಉಳಿದದ್ದು ಎಲ್ಲಿ ಹೋಗುತ್ತದೆ? ಜಲಸಸ್ಯಗಳ ಮೇಲೆ ಅವರಿಗೆ ಸಿಕ್ಕ ಬ್ಯಾಕ್ಟೀರಿಯಾ ಮೀಥೇನನ್ನೇ ಉಂಡು ಬದುಕುತ್ತಿತ್ತು. ಆಮ್ಲಜನಕದ ನೆರವಿನಿಂದ ಅದನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತಿತ್ತು. ಇಷ್ಟು ದೊಡ್ಡ ಶೋಧ ದಶಕಗಳ ಕಾಲ ಮೂಲೆಗೆ ಬಿದ್ದದ್ದು ನೋವಿನ ಸಂಗತಿ. 1970ರಲ್ಲಿ ಬ್ರಿಟನ್ನಿನ ರೋಜರ್ ವಿಟನ್‌ಬರಿ ಮತ್ತು ಸಂಗಡಿಗರು ಇಂಥ ನೂರಕ್ಕೂ ಹೆಚ್ಚು ತಳಿಗಳನ್ನು ಬೇರ್ಪಡಿಸಿದ ಮೇಲೆಯೇ ಲೋಕ ಮತ್ತೆ ಇತ್ತ ತಿರುಗಿತು. ಡೆನ್ಮಾರ್ಕ್‌ನಲ್ಲಿ ಹಳೆಯ ಕಸದ ರಾಶಿಗಳ ಮೇಲೆ ಮಾಗಿದ ಗೊಬ್ಬರದ ಹಾಸು ಹಾಕಿ ಮೀಥೇನ್ ತಡೆಯುತ್ತಿರುವುದು ಈ ಜೀವಿಗಳ ಬಲದಿಂದಲೇ.

ಬೀದರ್, ಭಾಲ್ಕಿ, ಔರಾದ್‌ಗಳಿಗೆ ಇದರಿಂದೇನು ಎಂದು ಕೇಳಬಹುದು. ಗಾಳಿಯಾಡದ ಸೆಪ್ಟಿಕ್ ಟ್ಯಾಂಕು, ಕೊಳಚೆ ಕಟ್ಟಿ ನಿಂತ ಹಳ್ಳ, ಹೂಳು ತುಂಬಿದ ಚರಂಡಿ, ಇವೆಲ್ಲ ಮೀಥೇನ್ ಹುಟ್ಟುವ ಜಾಗಗಳೇ. ಈ ಸೀಮೆಯ ಬೇಸಿಗೆ ಆ ಹುಟ್ಟನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಸಣ್ಣ ಊರಿನ ಅನಿಲ ಎಷ್ಟು ಮಹಾ ಎನ್ನುವವರಿಗೆ ಉತ್ತರವಿದೆ: ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಮೀಥೇನ್, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ದೇಶದ ತುಂಬ ಇರುವುದು ಇಂಥ ಊರುಗಳೇ.

ಈ ಅನಿಲವನ್ನು ಆ ಜೀವಿಗಳಿಗೆ ಉಣಿಸುವುದಕ್ಕಿಂತ ಉರಿಸುವುದು ಮೇಲಲ್ಲವೇ? ಹೇರಳವಾಗಿ ಸಿಗುವಲ್ಲಿ ಖಂಡಿತ ಹೌದು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ 1987ರಲ್ಲಿ ಸಗಣಿ ಅನಿಲದಿಂದ ಎಂಜಿನ್ ನಡೆಸಿ ದೀಪ ಹಚ್ಚಿಸಿ, ಕುಡಿಯುವ ನೀರೂ ಕೊಟ್ಟಿತು. ಆದರೆ ಟ್ಯಾಂಕಿನ ಗಾಳಿಕೊಳವೆಯಿಂದ ತೆಳುವಾಗಿ ಸೋರುವ ಅನಿಲ ಉರಿಯದು, ಎಂಜಿನ್ನಿಗೂ ಸಾಲದು. ಅದನ್ನು ಡೆನ್ಮಾರ್ಕ್‌ನಂತೆ ಮಾಗಿದ ಗೊಬ್ಬರದ ಹಾಸಿನ ಮೂಲಕ ಹಾಯಿಸಿ ಜೀವಿಗಳಿಗೆ ಉಣಿಸುವುದೇ ದಾರಿ. ಗಾಳಿಯಿಲ್ಲದೆ ಕೊಳಚೆ ಶುದ್ಧಮಾಡುವ ಘಟಕಗಳಲ್ಲಂತೂ ಮೀಥೇನಿನ ದೊಡ್ಡ ಪಾಲು ನೀರಿನಲ್ಲೇ ಕರಗಿ ಹೊರಹೋಗುತ್ತದೆ. ಹರಿಯಾಣದ ಕರ್ನಾಲ್‌ನಲ್ಲಿ 2000ರ ದಶಕದಲ್ಲಿ ಜಪಾನಿ ತಂತ್ರಜ್ಞರು ಅಂಥ ನೀರನ್ನು ತೂಗುಬಿಟ್ಟ ಸ್ಪಂಜುಗಳ ಮೂಲಕ ಇಳಿಸಿ ಶುದ್ಧಗೊಳಿಸಿದರು. ಕರಗಿದ ಮೀಥೇನನ್ನು ಜೀವಿಗಳಿಗೆ ಉಣಿಸಲೂ ಅದೇ ವಿಧಾನ ಒದಗುತ್ತದೆಂದು ಮುಂದೆ ಜಪಾನಿನ ಪ್ರಯೋಗಗಳು ತೋರಿಸಿದವು.

ಮಿತಿಗಳೂ ಇವೆ. ಹಾಸು ಒಣಗಿದರೆ ಜೀವಿಗಳು ಸೊರಗುತ್ತವೆ; ಬೀದರ್‌ನ ಏಪ್ರಿಲ್‌ನಲ್ಲಿ ನೀರು ಚಿಮುಕಿಸಲೇಬೇಕು. ಹಸಿ ಸಗಣಿ ಹಾಕಿದರೆ ಅದೇ ಮೀಥೇನ್ ಬಿಡುತ್ತದೆ. ಬೇಕಾದದ್ದು ಚೆನ್ನಾಗಿ ಮಾಗಿದ ತಿಪ್ಪೆಗೊಬ್ಬರ. ದೇವಣಿ ದನಗಳ ಈ ನಾಡಿನಲ್ಲಿ ಅದಕ್ಕೆ ಬರವಿಲ್ಲ. ಬರವಿರುವುದು ನಿಗಾಕ್ಕೆ. ಬೀದರ್ ಪಕ್ಕದ ನೌಬಾದಿನ ಬಹಮನಿ ಕಾಲದ ಸುರಂಗ ಬಾವಿ ಹೂಳು ತುಂಬಿ ಮರೆತುಹೋದದ್ದೂ ನಿಗಾ ತಪ್ಪಿದ್ದರಿಂದಲೇ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ಒಳಚರಂಡಿಯ ಮುಂದಿನ ಅಂದಾಜುಪಟ್ಟಿಯಲ್ಲೇ ಈ ಹಾಸಿಗೂ ಅದರ ನಿರ್ವಹಣೆಗೂ ಹಣ ತೆಗೆದಿಡಲಿ.