ಪ್ರಾಣಿ ಕಥೆ ಓದಿದರೆ ಮಕ್ಕಳು ನೀತಿ ಕಲಿಯುತ್ತಾರೆಯೇ?

ಪುಟ್ಟ ಮಕ್ಕಳಿಗೆ ನೀತಿ ಕಲಿಸಲು ಪ್ರಾಣಿ ಕಥೆಯೇ ಒಳ್ಳೆಯದು ಎಂದು ನಾವೆಲ್ಲ ನಂಬಿದ್ದೇವೆ. ಇದು ಪೂರ್ತಿ ನಿಜವಲ್ಲ.

2017ರಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 4ರಿಂದ 6 ವರ್ಷದ ಮಕ್ಕಳಿಗೆ, ಹಂಚಿಕೊಳ್ಳುವುದನ್ನು ಕಲಿಸುವ ಚಿತ್ರಪುಸ್ತಕ ಓದಿ ಹೇಳಿದರು. ಕೆಲವರಿಗೆ ಮನುಷ್ಯರಂತೆ ಮಾತಾಡುವ ಪ್ರಾಣಿಗಳ ಪುಸ್ತಕ. ಕೆಲವರಿಗೆ ಅದೇ ಕಥೆ, ಆದರೆ ಪಾತ್ರಗಳೆಲ್ಲ ಮನುಷ್ಯರು. ಓದುವ ಮೊದಲೂ ನಂತರವೂ, ಮಕ್ಕಳು ತಮ್ಮ ಸ್ಟಿಕರ್‌ಗಳಲ್ಲಿ ಎಷ್ಟನ್ನು ಇನ್ನೊಂದು ಮಗುವಿಗೆ ಬಿಟ್ಟುಕೊಡುತ್ತಾರೆಂದು ನೋಡಿದರು.

ಮನುಷ್ಯರ ಕಥೆ ಕೇಳಿದವರು ಮೊದಲಿಗಿಂತ ಹೆಚ್ಚು ಕೊಟ್ಟರು. ಪ್ರಾಣಿ ಕಥೆ ಕೇಳಿದವರಲ್ಲಿ ಹಾಗಾಗಲಿಲ್ಲ. ಕಥೆಯ ಪ್ರಾಣಿ ತನ್ನಂತೆಯೇ ಎಂದು ಬಹಳ ಮಕ್ಕಳಿಗೆ ಅನ್ನಿಸುವುದೇ ಇಲ್ಲ.

ಹಾಗೆಂದು ಪಂಚತಂತ್ರವನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಓದಿ ಮುಗಿಸಿದ ಮೇಲೆ, "ಆ ಮೊಲದ ಜಾಗದಲ್ಲಿ ನೀನಿದ್ದಿದ್ರೆ ಏನು ಮಾಡ್ತಿದ್ದೆ, ಪುಟ್ಟಾ?" ಎಂದು ಕೇಳೋಣ.