ಸೈಲೆನ್ಸರ್ ಬದಲಿಸಿ, ಚಿಪ್ ಹಾಕಿಸಿದರೆ ಕಾರಿನ ಪವರ್ ಹೆಚ್ಚುತ್ತದೆಯೇ?

ಪುತ್ತೂರಿನಿಂದ ಹೊರಟು ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ಹಳೆಯ ಡೀಸೆಲ್ ಸ್ವಿಫ್ಟ್ ಓಡಿಸಿದವರಿಗೆ ಇದು ಗೊತ್ತಿರುತ್ತದೆ. ತಿರುವಿನಲ್ಲಿ ಎದುರು ಬಸ್ಸು ಬಂತೆಂದು ನಿಧಾನಿಸಿ ಮತ್ತೆ ಆಕ್ಸಿಲರೇಟರ್ ತುಳಿದರೆ ಗಾಡಿ ಒಂದು ಕ್ಷಣ ಉಸಿರು ಕಟ್ಟಿದಂತಾಗಿ, ಆಮೇಲೆ ಒಮ್ಮೆಲೇ ಮುನ್ನುಗ್ಗುತ್ತದೆ. ಇದಕ್ಕೆ ಸಿಗುವ ಸಲಹೆಯೂ ಗೊತ್ತಿದ್ದದ್ದೇ: ಫ್ರೀ ಫ್ಲೋ ಸೈಲೆನ್ಸರ್ ಹಾಕಿ, ಚಿಪ್ ಮಾಡಿಸಿ. ಸಾಕ್ಷಿಗೆ ಮೊಬೈಲಿನಲ್ಲಿ ಒಂದು ವಿಡಿಯೊ, ಹಿಂದಿನಿಂದ ಬೆಂಕಿ ಉಗುಳುವ ಮಜ್ದಾ ಆರ್‌ಎಕ್ಸ್-7.

ಮೊದಲು ಆ ಬೆಂಕಿಯ ವಿಷಯ. ಅದು ಎಂಜಿನ್ನಿನ ಒಳಗೆ ಉರಿಯದೆ ಹೊರಬಿದ್ದು ಸೈಲೆನ್ಸರಿನಲ್ಲಿ ಹೊತ್ತಿಕೊಂಡ ಪೆಟ್ರೋಲ್. ಚಕ್ರಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಆದರೆ ಆರ್‌ಎಕ್ಸ್-7 ನಮಗೆ ಪಾಠ ಹೇಳಬಲ್ಲ ಕಾರೇ. ನಮ್ಮಲ್ಲಿ ಸ್ವರಾಜ್ ಮಜ್ದಾ ವ್ಯಾನುಗಳಿಂದ ಪರಿಚಿತವಾದ ಅದೇ ಕಂಪನಿಯ 1990ರ ದಶಕದ ಈ ಸ್ಪೋರ್ಟ್ಸ್ ಕಾರಿನಲ್ಲಿ ಪಿಸ್ಟನ್ನೇ ಇಲ್ಲ. ತ್ರಿಕೋನಾಕಾರದ ಎರಡು ರೋಟರ್‌ಗಳು ಗೂಡಿನೊಳಗೆ ಸುತ್ತುತ್ತವೆ. ಎಂಜಿನ್ ಗಾತ್ರ 1308 ಸಿಸಿ, ಶಕ್ತಿ ಸುಮಾರು 255 ಅಶ್ವಶಕ್ತಿ. ಇದಕ್ಕೆ ಎರಡು ಟರ್ಬೊಗಳ ನೆರವಿದೆ. ಕಡಿಮೆ ವೇಗದಲ್ಲಿ ಒಂದೇ ಕೆಲಸ ಮಾಡುತ್ತದೆ, ಸುಮಾರು 4500 ಆರ್‌ಪಿಎಂ ದಾಟಿದ ಮೇಲೆ ಇನ್ನೊಂದು ಕೈಜೋಡಿಸುತ್ತದೆ.

ಟರ್ಬೊ ಎಂದರೆ ಹೊಗೆಯ ರಭಸದಿಂದ ತಿರುಗುವ ಗಾಳಿಪಂಪು. ವಾತಾವರಣದ ಒತ್ತಡದ ಮೇಲೆ ಇನ್ನೂ ಒಂದು ಬಾರ್ ಒತ್ತಡ ಕೊಟ್ಟರೆ ಎಂಜಿನ್ನಿಗೆ ಹೆಚ್ಚು ಕಡಿಮೆ ಎರಡರಷ್ಟು ಗಾಳಿ ಹೋಗುತ್ತದೆ. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕಷ್ಟು ಇಂಧನ ಬೇಕು, ಹೆಚ್ಚು ಇಂಧನ ಉರಿದರೆ ಹುಟ್ಟುವ ಬಿಸಿಯನ್ನು ಹೊರಹಾಕಬೇಕು. ಈ ಮೂರೂ ಒಟ್ಟಿಗೆ ಹೋಗಬೇಕು, ಒಂದನ್ನೇ ಎಳೆದರೆ ಉಳಿದೆರಡು ಕೈಕೊಡುತ್ತವೆ.

ಆರ್‌ಎಕ್ಸ್-7ರಲ್ಲಿ ಇದು ನಡೆಯುವ ರೀತಿ ನೋಡಿ. ಮಾಲೀಕ ಬದಲಿಸುವುದು ಬರೀ ಹೊಗೆಕೊಳವೆ. ಹೊಗೆಗೆ ಅಡ್ಡಿ ಕಡಿಮೆಯಾದಾಗ ಟರ್ಬೊ ಇನ್ನೂ ಜೋರಾಗಿ ತಿರುಗಿ, ಒತ್ತಡ ತಾನಾಗಿಯೇ ಮಿತಿ ಮೀರಬಹುದು. ಇಂಧನದ ಲೆಕ್ಕ ಮಾತ್ರ ಹಳೆಯದೇ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆಗ ಪೆಟ್ರೋಲ್ ಹದ ತಪ್ಪಿ ಒಮ್ಮೆಗೇ ಸ್ಫೋಟಿಸುತ್ತದೆ (ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದನ್ನೇ). ರೋಟರ್‌ನ ಮೂರು ಮೂಲೆಗಳಲ್ಲಿರುವ ತೆಳ್ಳಗಿನ ಅಪೆಕ್ಸ್ ಸೀಲ್‌ಗಳು ಈ ಹೊಡೆತ ತಡೆಯಲಾರವು. ಒಂದು ಮುರಿದರೂ ಎಂಜಿನ್ ಇಳಿಸಿ ಬಿಚ್ಚಲೇಬೇಕು. ಸೈಲೆನ್ಸರ್ ಖರ್ಚಿನಲ್ಲಿ ಶುರುವಾದದ್ದು ಎಂಜಿನ್ ಖರ್ಚಿನಲ್ಲಿ ಮುಗಿಯಿತು! ಅದಕ್ಕೇ ಬಲ್ಲವರು ಮೊದಲು ಕಂಪ್ರೆಶನ್ ಪರೀಕ್ಷೆ, ಆಮೇಲೆ ತಂಪು ಮತ್ತು ಇಂಧನದ ವ್ಯವಸ್ಥೆ, ಕೊನೆಗೆ ಒತ್ತಡ ಎಂಬ ಕ್ರಮ ಹಿಡಿಯುತ್ತಾರೆ. ಎರಡು ಟರ್ಬೊ ತೆಗೆದು ದೊಡ್ಡದೊಂದನ್ನು ಕೂರಿಸುವವರೂ ಇದ್ದಾರೆ. ರೇಸ್ ಟ್ರ್ಯಾಕಿಗೆ ಅದು ಸರಿ. ಆದರೆ ದೊಡ್ಡ ಟರ್ಬೊ ತಿರುಗಲು ಹೆಚ್ಚು ಹೊಗೆ ಬೇಕು, ಅಂದರೆ ಕಡಿಮೆ ವೇಗದಲ್ಲಿ ಗಾಡಿ ಇನ್ನೂ ಮಂದ.

ಈಗ ನಮ್ಮ ಸ್ವಿಫ್ಟ್‌ಗೆ ಬರೋಣ. ಅದರ 1248 ಸಿಸಿಯ ಫಿಯಟ್ ಮೂಲದ ಡೀಸೆಲ್ ಎಂಜಿನ್ 75 ಅಶ್ವಶಕ್ತಿಯದು. ಅದೇ ಎಂಜಿನ್ ಎರ್ಟಿಗಾದಲ್ಲಿ 90 ಕೊಡುತ್ತಿತ್ತು. "ನೋಡಿ, ಬರೀ ಸಾಫ್ಟ್‌ವೇರ್ ವ್ಯತ್ಯಾಸ" ಎನ್ನುವವರು ಇಲ್ಲೇ ಎಡವುವುದು. 90ರ ಎಂಜಿನ್ನಿಗೆ ಕಂಪನಿ ಬೇರೆಯದೇ ಟರ್ಬೊ ಕೊಟ್ಟಿತ್ತು. ಅದರ ರೆಕ್ಕೆಗಳು ವೇಗಕ್ಕೆ ತಕ್ಕಂತೆ ಕೋನ ಬದಲಿಸುತ್ತವೆ. ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂಡ ಇತ್ತು. ಬರೀ 15 ಅಶ್ವಶಕ್ತಿಗೆ ಕಾರ್ಖಾನೆಯೇ ಇಷ್ಟು ಮಾಡಬೇಕಾಯಿತು.

ಹಾಗಾದರೆ ಚಿಪ್ ಸುಳ್ಳೇ? ಅಲ್ಲ. ಸಾಫ್ಟ್‌ವೇರ್ ಬದಲಿಸಿದರೆ ಟರ್ಬೊ ಡೀಸೆಲ್‌ನಲ್ಲಿ ಶಕ್ತಿ ನಿಜಕ್ಕೂ ಹೆಚ್ಚುತ್ತದೆ, ಯಾಕೆಂದರೆ ಕಂಪನಿ ಸ್ವಲ್ಪ ಅಂತರ ಉಳಿಸಿಯೇ ಹೊಂದಿಸಿರುತ್ತದೆ. ಆ ಅಂತರ ಇರುವುದು ಹೊಸ ಎಂಜಿನ್ನಿಗೆ. ಮಾರುತಿ ಡೀಸೆಲ್ ಕಾರು ನಿಲ್ಲಿಸಿದ್ದು 2020ರಲ್ಲಿ. ಈಗ ನಮ್ಮ ರಸ್ತೆಯಲ್ಲಿರುವವೆಲ್ಲ ಅದಕ್ಕಿಂತ ಹಳೆಯವು. ಅವುಗಳಿಗೆ ಹೆಚ್ಚು ಡೀಸೆಲ್ ಸುರಿದರೆ ಮೊದಲು ಕ್ಲಚ್ ಜಾರಬಹುದು, ಹೊಗೆ ಕಪ್ಪಾಗುತ್ತದೆ, ಪಿಸ್ಟನ್ ಮತ್ತು ಟರ್ಬೊ ಮೇಲೆ ಬಿಸಿ ಏರುತ್ತದೆ. ಕಪ್ಪು ಹೊಗೆ ಪವರಿನ ಗುರುತಲ್ಲ, ಉರಿಯದೆ ಹೋದ ನಿಮ್ಮದೇ ದುಡ್ಡು.

ಘಾಟಿಯ ತಿರುವಿನಲ್ಲಿ ನಮಗೆ ಬೇಕಾದದ್ದು 4000 ಆರ್‌ಪಿಎಂನ ಶಕ್ತಿಯೂ ಅಲ್ಲ, 1500ರ ಎಳೆತ. ಸೈಲೆನ್ಸರ್ ಬದಲಿಸಿದ ಮಾತ್ರಕ್ಕೆ ಆ ಕೊರತೆ ನೀಗುವುದಿಲ್ಲ, ಸದ್ದು ಮಾತ್ರ ಜೋರಾಗುತ್ತದೆ. ಒಂದು ಗೇರ್ ಇಳಿಸಿ ಆರ್‌ಪಿಎಂ 2000ದ ಮೇಲಿಟ್ಟುಕೊಳ್ಳುವುದು ಪುಕ್ಕಟೆಯ ಅಪ್‌ಗ್ರೇಡ್. ಮೊದಲಿನ ಎಳೆತವೇ ಇಲ್ಲ ಅನಿಸಿದರೆ ಏರ್ ಫಿಲ್ಟರ್, ಇಂಜೆಕ್ಟರ್, ಇಜಿಆರ್‌ನ ಮಸಿ ನೋಡಿಸಿ. ಮುಖ್ಯವಾಗಿ ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಿಸಿ. ಆ ಬಿರುಕಿನಿಂದ ಗಾಳಿ ಸೋರಿದರೂ ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆಯೂ ಬರುತ್ತದೆ. ಹತ್ತಿದ ಘಾಟಿಯನ್ನು ಇಳಿಯಲೂ ಬೇಕಲ್ಲ, ಅದೂ ಜುಲೈ ಮಳೆಯಲ್ಲಿ. ಹಾಗಾಗಿ ಗುಂಡ್ಯದಿಂದ ಶಿರಾಡಿ ಹತ್ತುವ ಕಡಬದವರಿಗಾಗಲಿ, ಸಂಪಾಜೆಯ ದಾರಿ ಹಿಡಿಯುವ ಸುಳ್ಯದವರಿಗಾಗಲಿ ಟೈರು, ಬ್ರೇಕಿಗೆ ಹಾಕಿದ ದುಡ್ಡು ಚಿಪ್‌ಗಿಂತ ಹೆಚ್ಚು ಉಪಯೋಗ.

ಕಾನೂನೂ ಇದೆ. ತಯಾರಕರು ನಮೂದಿಸಿದ್ದಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ವಿಮೆ ಕಂಪನಿಗೆ ಹೇಳದೆ ಮಾಡಿಸಿದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರಬಹುದು.

ಇಷ್ಟಾದರೂ ಮಾಡಿಸುವುದೇ ಎಂದಿದ್ದರೆ, ಗ್ಯಾರೇಜಿನಲ್ಲಿ ಎಷ್ಟು ಅಶ್ವಶಕ್ತಿ ಹೆಚ್ಚುತ್ತದೆ ಎಂದು ಕೇಳುವ ಮೊದಲು ಯಾವ ಆರ್‌ಪಿಎಂನಲ್ಲಿ ಹೆಚ್ಚುತ್ತದೆ, ಈಗಿನ ಕಂಪ್ರೆಶನ್ ಎಷ್ಟಿದೆ ಎಂದು ಕೇಳಿ. ಅಳೆಯದೆಯೇ ಉತ್ತರ ಹೇಳಿದರೆ ಗಾಡಿ ವಾಪಸ್ ತಿರುಗಿಸಿ, ಮಾರಾಯ್ರೆ.