ತಂತಿಯ ಎತ್ತರ

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಕುಕ್ಕರ್ ರಿಪೇರಿಯವನಿಗೂ ದರ್ಜಿಯ ಅಂಗಡಿಗೂ ನಡುವೆ ಈ ಗಿಟಾರ್ ಅಂಗಡಿ ಇದೆ. ಕೆಳಗೆ ಮಾರಾಟ, ಮೇಲೆ ಪಾಠ. ಗಾಜಿನ ಬಾಗಿಲನ್ನು ತಳ್ಳಿದೆ, ತೆರೆಯಲಿಲ್ಲ. ಎಳೆಯಬೇಕಿತ್ತು. ಹೆಗಲಲ್ಲಿ ನನ್ನದೇ ಹಳೆಯ ಗಿಟಾರ್ ಇದ್ದ ಚೀಲ. ಹತ್ತು ಹನ್ನೆರಡು ವರ್ಷದ ಹಿಂದೆ ಎರಡು ತಿಂಗಳು ಕಲಿತು, ಬೆರಳು ನೋವೆಂದು ಬೀರುವಿನ ಮೇಲೆ ಇಟ್ಟದ್ದು. ಮತ್ತೆ ಮೊದಲಿನಿಂದ ಶುರು ಮಾಡಬಹುದೇ ಎಂದು ತಿಳಿಯಲು ಬಂದಿದ್ದೆ.

ಬಲಗಡೆ ಗೋಡೆಯ ತುಂಬ ಗಿಟಾರುಗಳು, ಕತ್ತಿಗೆ ಕೊಕ್ಕೆ ಹಾಕಿಸಿಕೊಂಡು ನೇತಾಡುತ್ತಿವೆ. ಮೊದಲು ಕಣ್ಣು ಹೋಗುವುದು ಬಣ್ಣದವುಗಳ ಕಡೆಗೇ: ನೀಲಿ, ಕೆಂಪು, ಅಂಚಿನಲ್ಲಿ ಕಪ್ಪಾಗಿ ನಡುವೆ ಹಳದಿಗೆ ತಿರುಗುವಂಥದ್ದು. ಸಪ್ಪೆ ಬಣ್ಣದವು ಮೇಲಿನ ಸಾಲಿನಲ್ಲಿ, ಕೈಗೆಟುಕದಷ್ಟು ಎತ್ತರದಲ್ಲಿ. ಕೆಳಗಿದ್ದ ಒಂದರ ಮೇಲ್ಹಲಗೆ ನಿಜವಾದ ಸ್ಪ್ರೂಸ್ ಮರವೋ ಪ್ಲೈವುಡ್ಡಿಗೆ ಅಂಟಿಸಿದ ತೆಳು ಪದರವೋ ಎಂದು ಬಗ್ಗಿ ನೋಡಿದೆ. ನಡುವಿನ ರಂಧ್ರದ ಅಂಚಿನಲ್ಲಿ ಮರದ ಗೆರೆಗಳು ಮೇಲಿನಿಂದ ಒಳಕ್ಕೆ ಮುಂದುವರಿದರೆ ಇಡೀ ಹಲಗೆ, ಪದರ ಪದರವಾಗಿ ಕಂಡರೆ ಪ್ಲೈವುಡ್ ಎಂದು ಕೇಳಿದ್ದೆ. ಅಂಚಿಗೆ ಬಣ್ಣ ಬಳಿದಿದ್ದರು. ನನಗಂತೂ ಗೊತ್ತಾಗಲಿಲ್ಲ.

ಎರಡು ಜಾತಿ ಇವೆ ಎನ್ನುವುದು ಮಾತ್ರ ಮುಟ್ಟಿದರೆ ತಿಳಿಯುತ್ತದೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನ ಕತ್ತು ಅಗಲ, ಮೇಲ್ತುದಿಯಲ್ಲಿ ಸುಮಾರು 52 ಮಿಲಿಮೀಟರ್. ಉಕ್ಕಿನ ತಂತಿಯದು 43ರ ಆಸುಪಾಸು. ಉಕ್ಕಿನ ಆರು ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಬಿಗಿತದಲ್ಲಿ ಎಳೆದಿರುತ್ತವೆ, ನೈಲಾನಿನವು ಅದರ ಅರ್ಧಕ್ಕಿಂತ ತುಸು ಹೆಚ್ಚು. ನೈಲಾನ್ ಬೆರಳಿಗೆ ಮೆತ್ತಗೆ, ಆದರೆ ಸಣ್ಣ ಕೈಗೆ ಆ ಅಗಲ ಕಷ್ಟ. ಹೊಸಬರಿಗೆ ಯಾವುದು ಒಳ್ಳೆಯದೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣ ಇದೇ ಇರಬೇಕು. ಸಿನಿಮಾ ಹಾಡು ನುಡಿಸುವ ಆಸೆ ಇದ್ದವರು ಹೇಗೂ ಉಕ್ಕಿನ ತಂತಿಗೇ ಬಂದು ನಿಲ್ಲುತ್ತಾರೆ.

ಗೋಡೆಯ ಕೊನೆಗೆ ಒಂದು ನಿಲುವುಗನ್ನಡಿ. ಸೀರೆ ಅಂಗಡಿಯಲ್ಲಿ ಇರುವಂಥದ್ದೇ. ಕಾಲೇಜು ಹುಡುಗನೊಬ್ಬ ನೀಲಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಅದರ ಮುಂದೆ ನಿಂತಿದ್ದ. ನುಡಿಸುತ್ತಿರಲಿಲ್ಲ.

ಕೌಂಟರಿನ ಗಾಜಿನ ಕೆಳಗೆ ತಂತಿಯ ಪೊಟ್ಟಣಗಳು, ಪಿಕ್ಕುಗಳು, ಕತ್ತಿನ ತುದಿಗೆ ಕಚ್ಚಿಸುವ ಟ್ಯೂನರುಗಳು. ಈ ಟ್ಯೂನರ್ ಗಾಳಿಯಲ್ಲಿನ ಸದ್ದನ್ನು ಕೇಳುವುದಿಲ್ಲ, ಮರದ ನಡುಕವನ್ನು ಹಿಡಿಯುತ್ತದೆ. ಹಾಗಾಗಿ ಹೊರಗೆ ಲಾರಿ ಹಾರನ್ ಹೊಡೆಯುತ್ತಿದ್ದರೂ ಅದಕ್ಕೆ ಚಿಂತೆಯಿಲ್ಲ. ಪಕ್ಕದಲ್ಲಿ ಬಿಡಿ ಫಿಂಗರ್‌ಬೋರ್ಡ್ ಒಂದಿತ್ತು, ಕಂದು ನೇರಳೆ ಬಣ್ಣದ ಉದ್ದನೆಯ ಪಟ್ಟಿ. ಕೈಗೆತ್ತಿಕೊಂಡರೆ ಪರಿಚಿತ ಭಾರ. ಅಂಗಡಿಯವರು ರೋಸ್‌ವುಡ್ ಎಂದರು. ಅಂದರೆ ನಮ್ಮ ಬೀಟೆ! ಮಲೆನಾಡಿನ ಹಳೇ ಮನೆಗಳ ಮಂಚ, ಬೀರು ಮಾಡಿದ ಮರ. ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು, ಪಕ್ಕೆ, ಬೆರಳುಪಟ್ಟಿ ಇದರಿಂದಲೇ. 2017ರಲ್ಲಿ ಈ ಜಾತಿಯ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಾಗ ವಾದ್ಯ ತಯಾರಕರು ತಲೆ ಮೇಲೆ ಕೈಹೊತ್ತರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಆ ಪಟ್ಟಿಯ ಮೇಲೆ ಫ್ರೆಟ್ಟುಗಳೆಂಬ ಲೋಹದ ಮೆಟ್ಟುಗಳಿಗೆ ಗೀರು ಕೊಯ್ದಿದ್ದರು. ಮೊದಲ ಎರಡು ಗೀರುಗಳ ಅಂತರ ಹೆಚ್ಚು, ಮುಂದೆ ಹೋದಂತೆ ಒತ್ತೊತ್ತು. ತಂತಿಯ ಉದ್ದ 650 ಮಿಲಿಮೀಟರ್ ಇದ್ದರೆ ಹನ್ನೆರಡನೆಯ ಫ್ರೆಟ್ಟು ಸರಿಯಾಗಿ ಅರ್ಧಕ್ಕೆ, 325ಕ್ಕೆ ಬರುತ್ತದೆ. ಅಲ್ಲಿ ಒತ್ತಿದರೆ ಅದೇ ಸ್ವರ, ಒಂದು ಸ್ಥಾಯಿ ಮೇಲೆ. ವೀಣೆಯ ಮೆಟ್ಟುಗಳೂ ಇದೇ ಲೆಕ್ಕದವು, ಆದರೆ ಅವು ಮೇಣದ ಮೇಲೆ ಕೂತಿವೆ, ಆಗಾಗ ಮೇಳ ಕಟ್ಟಿಸಬೇಕು. ಇಲ್ಲಿ ಲೋಹವನ್ನು ಮರಕ್ಕೆ ಬಡಿದು ಕೂರಿಸಿದರೆ ಮುಗಿಯಿತು.

ಮೆಟ್ಟಿಲು ಕಿರಿದು. ಚೀಲ ಎರಡು ಬಾರಿ ಗೋಡೆಗೆ ತಾಗಿತು.

ಮೇಲಿನ ಕೋಣೆಯಲ್ಲಿ ಚಾಪೆಯಿಲ್ಲ, ಕೈಯಿಲ್ಲದ ಕುರ್ಚಿಗಳು. ಕೈಯಿದ್ದರೆ ಗಿಟಾರ್ ತೊಡೆಯ ಮೇಲೆ ಕೂರುವುದಿಲ್ಲ. ನಾಲ್ಕು ಮಕ್ಕಳು, ಜೊತೆಗೆ ನಿವೃತ್ತಿಯಾದಂತೆ ಕಾಣುವ ಒಬ್ಬರು ಹಿರಿಯರು. ಶ್ರುತಿ ಮಾಡುವುದು ನಡೆದಿತ್ತು. ದಪ್ಪ ತಂತಿಯ ಐದನೆಯ ಫ್ರೆಟ್ಟು ಒತ್ತಿದರೆ ಬರುವ ಸ್ವರವೇ ಕೆಳಗಿನ ತಂತಿಯ ಬಿಡಿ ಸ್ವರ. ಹೀಗೇ ಇಳಿಯುತ್ತ ಬರಬೇಕು, ತೆಳು ತಂತಿಯಿಂದ ಎಣಿಸಿದರೆ ಮೂರನೆಯದಾಗುವ ತಂತಿಗೆ ಬಂದಾಗ ಮಾತ್ರ ನಾಲ್ಕನೆಯ ಫ್ರೆಟ್ಟು. ಮಕ್ಕಳು ತಪ್ಪಿದ್ದೆಲ್ಲ ಅಲ್ಲಿಯೇ. ಹಿರಿಯರು ತಪ್ಪಲಿಲ್ಲ. ಅವರು ತಮ್ಮಷ್ಟಕ್ಕೆ ಗುನುಗಿಕೊಳ್ಳುತ್ತಿದ್ದರು: ಸ‑ಮ, ಸ‑ಮ, ಸ‑ಮ, ಆಮೇಲೆ ಸ‑ಗ, ಕೊನೆಗೆ ಮತ್ತೆ ಸ‑ಮ. ಆರು ತಂತಿಗಳ ನಡುವಿನ ಐದು ಅಂತರ ಇಷ್ಟೇ, ನಾಲ್ಕು ಶುದ್ಧ ಮಧ್ಯಮ, ಒಂದು ಅಂತರ ಗಾಂಧಾರ. ನಾನು ಅಂದು ಇಂಗ್ಲಿಷ್ ಅಕ್ಷರಗಳಲ್ಲಿ ಬಾಯಿಪಾಠ ಮಾಡಿ ಮರೆತದ್ದು ಇದನ್ನೇ.

ಶ್ರುತಿಯಾದ ಮೇಲೆ ಕಾರ್ಡುಗಳು, ಹಲವು ಸ್ವರ ಒಟ್ಟಿಗೆ ನುಡಿಯುವ ಹಿಡಿತಗಳು. ಮೊದಲು ಎರಡೇ ಬೆರಳಿನ ಇ ಮೈನರ್. ಆಮೇಲೆ ಸಿ, ಜಿ, ಡಿ. ಒಂದೊಂದನ್ನೂ ಹಿಡಿಯುವುದು ಕಷ್ಟವಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ತಾಳ ಕಾಯುವುದಿಲ್ಲ. ಹಾಗಾಗಿ ಹಾಡಿನ ಗೋಜಿಗೆ ಹೋಗದೆ ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಿಸಿದೆ ಎಂದು ಎಣಿಸುವ ಅಭ್ಯಾಸವನ್ನು ಪಾಠ ಹೇಳುವವರು ಮಾಡಿಸುತ್ತಿದ್ದರು. ಒಬ್ಬ ಹುಡುಗಿ ಹದಿನಾಲ್ಕು ಎಂದಳು. ಪಕ್ಕದವನು ಇಪ್ಪತ್ತು ಎಂದ. ಅವನು ಸುಳ್ಳು ಹೇಳಿರಬಹುದು.

ಗೋಡೆಯ ಪಟದಲ್ಲಿ ಎಫ್ ಇತ್ತು. ನಾನು ಬಿಟ್ಟದ್ದು ಅಲ್ಲೇ. ತೋರುಬೆರಳನ್ನು ಮೊದಲ ಫ್ರೆಟ್ಟಿನಲ್ಲಿ ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಬೇಕು. ವಿಚಿತ್ರವೆಂದರೆ ಅದೇ ಆಕಾರವನ್ನು ಐದನೆಯ ಫ್ರೆಟ್ಟಿನಲ್ಲಿ ಹಿಡಿದರೆ ಅಷ್ಟು ಕಷ್ಟವಿಲ್ಲ. ಮೇಲ್ತುದಿಯಲ್ಲಿ ತಂತಿಗಳನ್ನು ಹೊತ್ತಿರುವ ನಟ್ ಎಂಬ ಸಣ್ಣ ತುಂಡು ಅಲ್ಲಿಂದ ದೂರ, ತಂತಿ ಸುಲಭವಾಗಿ ಬಾಗುತ್ತದೆ. ಇದನ್ನು ನನಗೆ ಅಂದು ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ.

ಪಾಠದ ಕೋಣೆ ದಾಟಿದರೆ ತಾರಸಿಯ ಮೂಲೆಯಲ್ಲಿ ಶೀಟಿನ ಕೆಳಗೆ ರಿಪೇರಿ ಬೆಂಚು. ಅರ, ಮೂಳೆಯ ತುಂಡುಗಳು, ಅಂಟಿನ ವಾಸನೆ. ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲಿ. ಚೀಲ ಬಿಚ್ಚಿದ ಕೂಡಲೇ ಕೆಲಸದವರು ನುಡಿಸಿ ನೋಡಲಿಲ್ಲ. ಬಂದೂಕಿಗೆ ಗುರಿ ಹಿಡಿದ ಹಾಗೆ ಕತ್ತಿನ ಉದ್ದಕ್ಕೂ ಒಂದೇ ಕಣ್ಣಿನಲ್ಲಿ ನೋಡಿದರು. ಆಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಹನ್ನೆರಡನೆಯ ಫ್ರೆಟ್ಟಿನ ಮೇಲೆ ನಿಲ್ಲಿಸಿದರು. ತಂತಿಗೂ ಫ್ರೆಟ್ಟಿಗೂ ನಡುವೆ ಎರಡು, ಎರಡೂವರೆ ಮಿಲಿಮೀಟರ್ ಇರಬೇಕಾದ ಜಾಗದಲ್ಲಿ ಐದಿತ್ತು. ಮನೆಯಲ್ಲಿ ಅಳತೆಪಟ್ಟಿ ಇಲ್ಲದವರು ಮೂರು ಎಟಿಎಂ ಕಾರ್ಡುಗಳನ್ನು ಜೋಡಿಸಿ ತೂರಿಸಿ ನೋಡಬಹುದು, ಮೂರೂ ಸೇರಿ ದಪ್ಪ ಹೆಚ್ಚುಕಡಿಮೆ ಇರಬೇಕಾದಷ್ಟೇ. ನನ್ನದರಲ್ಲಿ ಆರು ಸಲೀಸಾಗಿ ಹೋಗುತ್ತಿದ್ದವು.

ತಂತಿಯ ಎಳೆತಕ್ಕೆ ಕತ್ತು ಮುಂದಕ್ಕೆ ಬಾಗಿದೆ. ಮಳೆಗಾಲಗಳ ತೇವ ಕುಡಿದು ಹೊಟ್ಟೆಯೂ ಉಬ್ಬಿದೆ. ಕತ್ತಿನೊಳಗೆ ಒಂದು ಉಕ್ಕಿನ ಸರಳು ಇರುತ್ತದೆ. ಅಲೆನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿದರೆ ಬಾಗು ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಕೆಳಗಿನ ಸೇತುವೆಯ ಮೂಳೆಯನ್ನು ಉಜ್ಜಬೇಕು. ಹನ್ನೆರಡನೆಯ ಫ್ರೆಟ್ಟಿನಲ್ಲಿ ಒಂದು ಮಿಲಿಮೀಟರ್ ಇಳಿಸಲು ಅಲ್ಲಿ ಎರಡು ಮಿಲಿಮೀಟರ್ ತೆಗೆಯಬೇಕು, ಹನ್ನೆರಡನೆಯದು ನಟ್ಟ ನಡುವೆ ಇರುವುದರಿಂದ. ಎತ್ತರದ ತಂತಿಯನ್ನು ಒತ್ತಿದಾಗ ಅದು ಹೆಚ್ಚು ಹಿಗ್ಗಿ ಸ್ವರವೂ ಮೇಲೇರುತ್ತದೆ, ಹಾಗಾಗಿ ಶ್ರುತಿ ಸರಿಯಿದ್ದರೂ ಕಾರ್ಡ್ ಅಪಸ್ವರ. ನನ್ನ ಕಿವಿ ಸರಿಯಿಲ್ಲ ಎಂದು ಆಗ ಮನೆಯವರು ಹೇಳುತ್ತಿದ್ದರು. ಎಲ್ಲ ತಪ್ಪೂ ಗಿಟಾರಿನದೇ ಎನ್ನುವ ಧೈರ್ಯ ನನಗಿಲ್ಲ. ಅರ್ಧದಷ್ಟನ್ನಾದರೂ ಅದರ ಮೇಲೆ ಹಾಕಬಹುದು.

ಬೆಂಚಿನ ಮೇಲೆ ಹೊಸದಾಗಿ ಸರಿಮಾಡಿದ ಇನ್ನೊಂದು ಗಿಟಾರ್ ಇತ್ತು. ಕೇಳಿ ಎತ್ತಿಕೊಂಡೆ. ಎಫ್ ಹಿಡಿದೆ. ಎರಡು ತಂತಿ ಸತ್ತಂತೆ ಟಕ್ ಎಂದವು, ನಾಲ್ಕು ನುಡಿದವು.

ನನ್ನದನ್ನು ಅಲ್ಲೇ ಬಿಟ್ಟು, ಶನಿವಾರ ಬನ್ನಿ ಎಂಬ ಚೀಟಿ ಹಿಡಿದು ಕೆಳಗಿಳಿದೆ. ನೀಲಿ ಗಿಟಾರಿನ ಹುಡುಗ ಕೌಂಟರಿನಲ್ಲಿ ಹಣ ಎಣಿಸುತ್ತಿದ್ದ. ಹನ್ನೆರಡನೆಯ ಫ್ರೆಟ್ಟನ್ನು ನೋಡಿದೆಯಾ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವನು ಅದನ್ನು ಹೆಗಲಿಗೇರಿಸಿ ಇನ್ನೊಮ್ಮೆ ಕನ್ನಡಿಯ ಕಡೆ ತಿರುಗಿದ.